ಖಾಲಿ ಹೊಟ್ಟೆಯಲ್ಲಿ ಬನ್ನಿ

ಶಾಲೆಯ ತೂಕದ ಯಂತ್ರ ಕೆಟ್ಟು ಎರಡು ವರ್ಷ.
ಹೆಡ್‌ಮಾಸ್ಟರು ಯಾರದೋ ಕಣದಿಂದ
ಕಾಫಿ ಚೀಲ ತೂಗುವ ತಕ್ಕಡಿಯನ್ನೇ
ಜೀಪಿಗೆ ಹಾಕಿಸಿ ತಂದಿದ್ದಾರೆ.
ಕಬ್ಬಿಣದ ಹಲಗೆಯ ಸಂದಿಯಲ್ಲಿ
ಹೋದ ವರ್ಷದ ಒಂದು ಚೆರಿ, ಕಪ್ಪಗೆ.
ಅದರ ಮೇಲೆ ಒಬ್ಬೊಬ್ಬರಾಗಿ
ಬಾಳೆಲೆಯ ಎಂಟನೇ ತರಗತಿ.

ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದೆ.
ಬಂದಿದ್ದಾರೆ, ಹೆಚ್ಚುಕಡಿಮೆ.
ಒಬ್ಬಳ ತುಟಿಯಂಚಿಗೆ ಸೀಬೆಯ ಬೀಜ.
"ಅದು ಹಣ್ಣು ಸಿಸ್ಟರ್, ತಿಂಡಿ ಅಲ್ವಲ್ಲ."
ನಾನು ಸಿಸ್ಟರ್ ಅಲ್ಲ, ಲ್ಯಾಬಿನವಳು.
ತಿದ್ದುವುದನ್ನು ಬಿಟ್ಟು ಹದಿನೇಳು ವರ್ಷವಾಯಿತು.

ಚೋಂದಮ್ಮ ಹತ್ತಿದಾಗ
ತಕ್ಕಡಿ ಕಿರ್ ಎಂದಿತು. ಅದು ಎಲ್ಲರಿಗೂ ಅನ್ನುತ್ತದೆ;
ಹಿಂದಿನ ಸಾಲು ನಕ್ಕದ್ದು ಅವಳಿಗೆ ಮಾತ್ರ.
ಅರವತ್ತೆಂಟು.
"ಒಂದು ಚೀಲ, ಮೇಲೆ ಹದಿನೆಂಟು ಕಿಲೋ!"
"ಪಾರ್ಚ್‌ಮೆಂಟಾ, ಚೆರಿಯಾ?"
ಅವಳು ಉಸಿರು ಬಿಗಿಹಿಡಿದು ನಿಂತಳು,
ಉಸಿರಿಗೂ ತೂಕವಿದೆ ಎಂಬಂತೆ.
ಆ ನಿಲ್ಲುವ ರೀತಿ ನನಗೆ ಗೊತ್ತು.
ನಾನೂ ಹೊಟ್ಟೆ ಒಳಗೆಳೆದುಕೊಂಡೇ
ಹತ್ತನೇ ತರಗತಿ ಪಾಸಾದವಳು.

ರಂಜನ್ ಹತ್ತಿದಾಗ ಯಾರೂ ನಗಲಿಲ್ಲ.
ಮೂವತ್ತೊಂದು. ಮೊಣಕೈಯೆಲ್ಲ ಮೂಳೆ.
"ಇವನದ್ದೂ ಬೇಕಾ? ಒಂದು ಟ್ಯೂಬು ಉಳೀತಿತ್ತು" ಅಂದರು ಮೇಷ್ಟ್ರು.
ಹುಡುಗ ಆಗಲೇ ತೋಳು ಚಾಚಿದ್ದ,
ಸೂಜಿ ನೋಡದೆ, ಕಿಟಕಿಯಾಚೆ
ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ನೋಡುತ್ತ.

ಸಂಜೆ ಗೋಣಿಕೊಪ್ಪದಲ್ಲಿ ಯಂತ್ರ ಸುತ್ತಿ ನಿಂತಿತು.
ಎರಡು ಟ್ಯೂಬಿನಲ್ಲೂ ಮೇಲೆ ತೇಲಿದ ತಿಳಿ
ಒಂದೇ ಬಣ್ಣ, ಒಣಹುಲ್ಲಿನದು.
ಚೋಂದಮ್ಮ: ನೂರ ನಲವತ್ತೆಂಟು.
ರಂಜನ್: ಮುನ್ನೂರ ಇಪ್ಪತ್ತು.
ಮತ್ತೆ ಹಾಕಿದೆ.
ಮುನ್ನೂರ ಇಪ್ಪತ್ತನಾಲ್ಕು.

"ಕೈಲ್ ಮುಹೂರ್ತ ಮುಗಿದು ಹತ್ತು ದಿನವಾಗಿಲ್ಲ,
ಇಡೀ ತಾಲೂಕಿನ ರಕ್ತದಲ್ಲಿ ಹಂದಿ ತೇಲುತ್ತಿರುತ್ತೆ"
ಎಂದು ನಕ್ಕರು ಡಾಕ್ಟರು, ಹೆಸರು ನೋಡುವ ಮೊದಲು.
ಈ ಹುಡುಗನ ಲೈನ್‌ಮನೆಯಲ್ಲಿ
ಕೆಸದ ಸೊಪ್ಪು, ರೇಷನ್ ಅಕ್ಕಿಯ ಗಂಜಿ.

ಅವನಪ್ಪ ಚುಬ್ರ. ಮೂವತ್ತಾರು ವಯಸ್ಸು.
ಫೆಬ್ರವರಿಯಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ—
ನಮ್ಮ ಆಸ್ಪತ್ರೆಗೇ ತಂದಿದ್ದರು.
ಮೈಮೇಲೆ ಹೇಳಿಕೊಳ್ಳುವಂಥ ಗಾಯವಿರಲಿಲ್ಲ.
ಕುಡಿದಿರಬೇಕು ಎಂದರು ಎಲ್ಲ.
ನಾನೂ ತಲೆಯಾಡಿಸಿದ್ದೆ.
ಬಿದ್ದು ಸತ್ತನೋ
ಸತ್ತು ಬಿದ್ದನೋ
ಈಗ ಯಾರ ರಕ್ತವನ್ನು ಕೇಳಲಿ?
ಮಗನದು ಕೈಯಲ್ಲೇ ಇದೆ, ಇನ್ನೂ ಬೆಚ್ಚಗಿರುವಂತೆ.

ನನ್ನ ಸೋದರಮಾವ ಕಾಫಿ ಸಾಹುಕಾರರ ಹತ್ತಿರ ರೈಟರಾಗಿದ್ದ.
ಚೀಲ ತಕ್ಕಡಿಗೆ ಏರುವ ಮೊದಲು
ಒಂದು ಕಾಳು ತೆಗೆದು ಹಲ್ಲಲ್ಲಿ ಕಡಿದು
ಕಣ್ಣು ಮುಚ್ಚಿ ಹೇಳುತ್ತಿದ್ದ: ತೇವ ಎಷ್ಟು, ಜೊಳ್ಳು ಎಷ್ಟು,
ಔಟ್‌ಟರ್ನ್ ಎಷ್ಟು.
"ತೂಕ ಚೀಲದ್ದು ಮಗಾ,
ಕಾಳಿನದ್ದು ಬೇರೆ ಮಾತು."

ಚೋಂದಮ್ಮನ ಚೀಟಿಯಲ್ಲಿ 'ನಾರ್ಮಲ್' ಎಂದು
ಹಿಂದಿನ ಸಾಲಿಗೂ ಕಾಣುವಷ್ಟು ದಪ್ಪಗೆ ಬರೆದೆ.
ನಗು ಅದರಿಂದ ನಿಲ್ಲುವುದಿಲ್ಲ. ಬರೆದೆ.

ಸೋಮವಾರ ಲೈನ್‌ಮನೆಗೆ ಹೋಗಬೇಕು.
ರಂಜನ್‌ಗೆ ತಂಗಿಯರು ಇಬ್ಬರು.
ಅವರಮ್ಮನಿಗೆ ಇವತ್ತೇ ಹೇಳಿ ಕಳಿಸಬೇಕು:
ಮಕ್ಕಳನ್ನು ಖಾಲಿ ಹೊಟ್ಟೆಯಲ್ಲಿ ಇಟ್ಟಿರು ಎಂದು.
ಆ ಮನೆಗೆ ಅದು ಹೊಸ ಮಾತಲ್ಲ.
ಬ್ಯಾಗಿನಲ್ಲಿ ಎರಡು ಟ್ಯೂಬು, ಹತ್ತಿ, ಸ್ಪಿರಿಟ್ಟು,
ಮತ್ತೆ ರಕ್ತ ತೆಗೆದ ಮೇಲೆ ಕೊಡಲು
ಬಾಳೆಹಣ್ಣು, ಒಂದು ಚಿಪ್ಪು.