ಎರಡು ಬೆರಳು ಬಿಟ್ಟು

ಕಬ್ಬನ್‌ಪೇಟೆಯಿಂದ ಬನಶಂಕರಮ್ಮ
ಡಿಸ್ಕನ್ನು ಸೆರಗಿನಲ್ಲಿ ಸುತ್ತಿ ತಂದರು.
ಹದಿನೆಂಟು ವರ್ಷದ ಜಕಾರ್ಡ್ ನಕ್ಷೆಗಳು ಅದರೊಳಗೆ:
ಗಂಡಭೇರುಂಡ, ರುದ್ರಾಕ್ಷಿ, ಗೋಪುರದಂಚು,
ಯಾರದೋ ಮದುವೆಗೆಂದು ಬರೆಸಿ, ಮದುವೆ ಮುರಿದು
ಒಂದೇ ಸೀರೆಗೆ ನಿಂತುಹೋದ ಮಾವಿನಕಾಯಿ ಬುಟ್ಟ.
‘ಅರ್ಧ ಜಾಗ ಖಾಲಿ ಬಿದ್ದಿದೆಯಂತೆ.
ಬಿಡಿಸಿಕೊಡು ತಾಯಿ, ಲೆಕ್ಕದ ಪುಸ್ತಕಕ್ಕೆ ಬೇಕು.’

ಮೊದಲು ಕಳಚಬೇಕು ಅಂದೆ.
ಮೈಮೇಲಿರೋ ಬಟ್ಟೆಗೆ ಸೂಜಿ ಹಾಕಬಾರದು,
ಅವರಿಗೇನು ಹೇಳಿಕೊಡಬೇಕೆ?
ತೀರಾ ಅವಸರವಾದರೆ ಬಾಯಲ್ಲಿ ಒಂದೆಳೆ ದಾರ ಕಚ್ಚಿಕೊಂಡು
ಹೊಲಿಯಬಹುದು ಅಂದರು.
ಇಲ್ಲಿ ದಾರ ಕಚ್ಚಿದರೂ ನಡೆಯಲ್ಲ.

ಅನ್‌ಮೌಂಟ್ ಎಂದೆ. ಬಿಡಲಿಲ್ಲ.
ಯಾರೋ ಒಳಗಿದ್ದಾರೆ ಎಂದಿತು.
ತೆರೆದ ಕಿಟಕಿಗಳನ್ನೆಲ್ಲ ಮುಚ್ಚಿದೆ, ಆಗಲೂ ಯಾರೋ.
ಹುಡುಕಿ ನೋಡಿದರೆ ನಾನೇ,
ಮರೆತ ಟರ್ಮಿನಲ್ ಒಂದರಲ್ಲಿ
ಗಂಡಭೇರುಂಡದ ಫೋಲ್ಡರಿನೊಳಗೆ
ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದೆ.
ಹೊರಗೆ ಬಂದೆ. ಕಳಚಿತು.

ಇನ್ನು ಒಳಮನೆಯ ಕರ್ನಲ್ಲಿಗೆ ಇದರ ಪರಿವೆಯಿಲ್ಲ.
ಯಜಮಾನನನ್ನು ಎಬ್ಬಿಸದೆ
ಜಗುಲಿಯಲ್ಲಿ ಕೂತು ಮಾಡುವ ಕೆಲಸ.
ಐದು ಸುತ್ತು ತಪಾಸಣೆ;
ನಾಲ್ಕನೆಯದರಲ್ಲಿ ಸಿಕ್ಕಿತು
ಹೆಸರಿಲ್ಲದ, ಯಾವ ದಾರಿಯೂ ಮುಟ್ಟದ ಒಂದು ಕಡತ.
ಎತ್ತಿಟ್ಟೆ.

ಆಮೇಲೆ ಕುಗ್ಗಿಸುವುದು.
ಪರದೆಯ ಮೇಲೆ ಒಂದೊಂದೇ ಗುಣಾಕಾರದ ಗುರುತು,
ಕ್ರಾಸ್ ಹೊಲಿಗೆಯ ಹಾಗೆ, ಎಡದಿಂದ ಬಲಕ್ಕೆ.
‘ಎಳೆ ತಪ್ಪಿಲ್ಲ’ ಅಂದರು ಕನ್ನಡಕ ಮೇಲೆತ್ತಿ.
ಇಪ್ಪತ್ತೊಂದನೆಯ ಗುರುತಿಗೆ
ಎಸ್‌ಪಿ ರೋಡಿನ ಫ್ಯಾನುಗಳೆಲ್ಲ ನಿಂತವು.
ಯುಪಿಎಸ್ ಮೂಲೆಯಲ್ಲಿ ಕೀ ಕೀ ಅನ್ನುತ್ತಿತ್ತು.
ಬ್ಯಾಟರಿ ಹಳೆಯದು. ಅವರಿಗೆ ಹೇಳಲಿಲ್ಲ.
ಕೆಳಗೆ ಲಗೇಜ್ ಆಟೋದವನು ಯಾರಿಗೋ ಬೈಯುತ್ತಿದ್ದ.
ಇಪ್ಪತ್ತೆರಡು.
ಇಪ್ಪತ್ಮೂರು.
ಕರೆಂಟು ಬಂದಾಗ ನೋಡಿಕೊಂಡೆ,
ಜಡೆಯಿಂದ ಜಾರಿದ ಒಂದೆಳೆ ಕೂದಲು
ನನ್ನ ಹಲ್ಲಿನ ನಡುವೆ.

ಮನೆ ಕುಗ್ಗಿದ ಮೇಲೆಯೇ ಗೋಡೆ ಸರಿಸಬೇಕು,
ತಿರುವುಮುರುವಾದರೆ ಗೋಡೆ ಮಲಗಿದವರ ಮೇಲೆ.
ರವಿಕೆಗೆ ಒಳಗೆ ಬಿಡುವ ಹಾಗೆ
ಎರಡು ಬೆರಳು ಬಿಟ್ಟು ಕತ್ತರಿಸಿದೆ.

ಎತ್ತಿಟ್ಟದ್ದನ್ನು ತೆರೆದು ತೋರಿಸಿದೆ:
ಅರ್ಧ ಬಿಡಿಸಿದ ಹಂಸ. ಕತ್ತು ಇನ್ನೂ ಬಂದಿಲ್ಲ.
‘ಇದು ನಮ್ಮದಲ್ಲ’ ಅಂದರು.
ಮತ್ತೆ ಬಗ್ಗಿ ನೋಡಿದರು, ಬೆರಳಿನಲ್ಲಿ
ಗಾಳಿಯ ಮೇಲೆ ಕತ್ತಿನ ಬಾಗು ಎಳೆದರು.
‘ಅಳಿಸಬೇಡ, ಇರಲಿ.’

ಎಂಟುನೂರು ಅಂದೆ.
‘ಚಿಕ್ಕದು ಮಾಡಿದ್ದಕ್ಕೂ ಎಂಟುನೂರಾ?’