ಒಂದು ಮಾತ್ರೆ

ಎರ್ಜುರುಮ್‌ನಲ್ಲಿ ಮಾರ್ಚಿಗೂ ಹಿಮ.
ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಮಾತ್ರ
ವರ್ಷವಿಡೀ ಇಪ್ಪತ್ತೆರಡು ಡಿಗ್ರಿ,
ಹನ್ನೆರಡು ಗಂಟೆ ಹಗಲು, ಹನ್ನೆರಡು ಗಂಟೆ ಇರುಳು.
ಗುಂಡಿ ಒತ್ತುವವಳು ಹವ್ವಾ.

ಇಪ್ಪತ್ತೆಂಟು ಬಿಳಿ ಇಲಿ. ನಾಲ್ಕು ಪಂಜರ.
ಮೊದಲನೆಯದಕ್ಕೆ ಬರೀ ಆಲಿವ್ ಎಣ್ಣೆ.
ಎರಡನೆಯದಕ್ಕೆ ಎಣ್ಣೆಯಲ್ಲಿ ವಿಷ:
ಹಿಂದೆ ಉಣ್ಣೆಯಂಗಿಯ ಕಲೆ ತೆಗೆಯುತ್ತಿದ್ದ ಅದೇ ದ್ರವ,
ಮೂಸಿದರೆ ಸಿಹಿ.
ಮೂರನೆಯದಕ್ಕೆ ಜೇನಂಟು.
ನಾಲ್ಕನೆಯದಕ್ಕೆ ಮೊದಲು ಅಂಟು, ಆಮೇಲೆ ವಿಷ.

ಅಂಟು ಬಂದದ್ದು ತಮ್ಮನ ಗೂಡುಗಳಿಂದ.
ಕಾರ್ಸ್ ದಿಕ್ಕಿನ ಬಯಲಲ್ಲಿ ದುರ್ಸುನ್
ಪೆಟ್ಟಿಗೆಯ ಸಂದಿಯಿಂದ ಚಾಕುವಿನಲ್ಲಿ ಕೆರೆದು
ಹಾಳೆಯಲ್ಲಿ ಸುತ್ತಿ ಬಸ್ಸಿನವನ ಕೈಲಿ ಕಳಿಸಿದ್ದ.
ಕಂದು ಹೆಂಟೆ; ಪಾಪ್ಲರ್ ಮೊಗ್ಗಿನ ಜಿಗುಟನ್ನು
ಹುಳು ಕಾಲಿಗೆ ಮೆತ್ತಿಕೊಂಡು ತಂದದ್ದು.
ಜೇನಲ್ಲ. ಹಲ್ಲಿಗೆ ಹತ್ತುತ್ತದೆ, ಕಹಿ.
"ಹುಳುಗಳ ಗಾರೆ ಇದು," ಅನ್ನುತ್ತಾನೆ ಅವನು.
"ಗಾಳಿ ನುಸುಳುವಲ್ಲಿ ಮೆತ್ತುತ್ತವೆ.
ಒಮ್ಮೆ ಚಳಿಗೆ ಒಳನುಗ್ಗಿದ ಸುಂಡಿಲಿಯನ್ನು
ಕುಟುಕಿ ಕೊಂದಿದ್ದವು.
ಹೊರಗೆಳೆಯಲು ಆಗಲಿಲ್ಲ ಪಾಪ, ಅಷ್ಟು ಭಾರ.
ಇಡೀ ಮೈಗೆ ಅಂಟು ಬಳಿದು ಹಾಗೇ ಬಿಟ್ಟಿದ್ದವು.
ಏಪ್ರಿಲ್‌ನಲ್ಲಿ ತೆಗೆದರೆ ಮೀಸೆ ಕೂಡ ನೆಟ್ಟಗಿತ್ತು, ಅಕ್ಕ.
ನಾತವಿಲ್ಲ."

ಹವ್ವಾಳ ಭಾಷೆಯಲ್ಲಿ
ಮೊಮ್ಮಗನನ್ನು ಮುದ್ದಿಸುವುದು "ನನ್ನ ಈಲಿಯೇ" ಎಂದು.
ನಾವಾದರೆ ಕರುಳ ಕುಡಿ ಅನ್ನುತ್ತಿದ್ದೆವು.
ನನ್ನ ಭಾಷೆಯಲ್ಲಿ ಇನ್ನೊಂದು ವಿಚಿತ್ರ:
ಇಲಿಗೂ ಈಲಿಗೂ ನಡುವೆ
ಒಂದೇ ಒಂದು ಮಾತ್ರೆ.

ಹತ್ತನೆಯ ದಿನ ಎರಡನೆಯ ಪಂಜರ ಮೇವು ಮುಟ್ಟಲಿಲ್ಲ.
ರೋಮ ಕೆದರಿ, ಮೂಲೆಯಲ್ಲಿ, ಒಂದರ ಮೇಲೊಂದು.
ನಾಲ್ಕನೆಯದರಲ್ಲಿ ಬೆರಳಿಟ್ಟರೆ ಮೂಸಲು ಬಂದವು,
ಒಂದಂತೂ ಅವಳ ಉಂಗುರವನ್ನೇ ಕಚ್ಚಿತು.
"ಉಳಿದುಕೊಂಡವು!" ಎಂದಳು,
ಮೆಟ್ಟಿಲಿಳಿದು ಬಂದ ಡಾಕ್ಟರ್ ಸೆವಿಲಾಯ್‌ಗೆ.
"ನೋಡಬೇಕು," ಎಂದರು ಆಕೆ, ಕೈಗವಸು ಎಳೆದುಕೊಳ್ಳುತ್ತ.

ನೋಡುವುದೆಂದರೆ ತೆರೆಯುವುದು.
ಹವ್ವಾಗೆ ಹನ್ನೊಂದು ವರ್ಷದಿಂದ ಗೊತ್ತು.
ಆದರೂ ಹೇಳಿಬಿಟ್ಟಿದ್ದಳು.

ಸಂಜೆಗೆ ಇಪ್ಪತ್ತೆಂಟು ಈಲಿ, ತಟ್ಟೆಗಳಲ್ಲಿ.
ಎರಡನೆಯ ಗುಂಪಿನವು ಹಳದಿ, ಹಿಟ್ಟು ಹಿಟ್ಟು.
ನಾಲ್ಕನೆಯವು ಕೆಂಪಗೆ, ಅಂಚು ಚೂಪಾಗಿ;
ಪೂರ್ತಿ ಅಲ್ಲ, ಅಲ್ಲಲ್ಲಿ ಮಚ್ಚೆ,
ಆದರೂ ಸೆವಿಲಾಯ್ ಗೋಡೆಯತ್ತ ತಿರುಗಿ ಸುಮ್ಮನೆ ನಕ್ಕರು.
ಆಮೇಲೆ ಒಂದೊಂದರಿಂದಲೂ ಚೂರು ಕೊಯ್ದು
ಕರಗಿದ ಮೇಣದಲ್ಲಿ ಮುಳುಗಿಸಿಟ್ಟರು,
ಕೆಡದಂತೆ.

ಹವ್ವಾ ಪಂಜರ ತೊಳೆದಳು,
ನಾಲ್ಕನ್ನೂ ಒಂದೇ ಬ್ರಷ್ಷಿನಲ್ಲಿ.
ರಾತ್ರಿ ಬಸ್ಸಿನಲ್ಲಿ ಕೈ ಮೂಸಿದರೆ
ಸೋಪಿನ ಕೆಳಗೆ ಇನ್ನೂ
ಪಾಪ್ಲರ್.