ಒಳಗೆ ಒಂದಿಂಚು

ಕಬ್ಬನ್‌ಪೇಟೆಯ ಗಲ್ಲಿಯಲ್ಲಿ
ಮೂವತ್ತೊಂದು ವರ್ಷದಿಂದ ನಾನು ಮಾಸ್ಟರ್.
ಕಟಿಂಗ್ ಮಾಸ್ಟರ್.
ಕಿವಿಯ ಹಿಂದೆ ಸೀಮೆಸುಣ್ಣ, ಕೊರಳಲ್ಲಿ ಟೇಪು.
ಈಗ ಅದೇ ಕೊರಳಲ್ಲಿ ಹೆಡ್‌ಫೋನು.
ಮಾಸ್ಟರಿಂಗ್ ಕಲಿಯುತ್ತಿದ್ದೀನಿ ಅಂದರೆ
ಓನರ್ ಸೋಹನ್‌ಲಾಲ್ ನಗುತ್ತಾರೆ:
ಇಷ್ಟು ದಿನ ಮಾಡಿದ್ದೇನು ಮತ್ತೆ?

ಹಾಡಿದವಳು ಪುಷ್ಪವೇಣಿ,
ನಮ್ಮಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವವಳು.
ಹಾಡೂ ಅವಳದೇ, ಗುಂಡಿ ಎಣಿಸುತ್ತ ಕಟ್ಟಿದ್ದು.
ಒಂಬತ್ತೂವರೆಗೆ ಪಕ್ಕದ ಮಗ್ಗಗಳು ನಿಂತ ಮೇಲೆ
ಶಟರ್ ಎಳೆದು, ಫ್ಯಾನ್ ಆರಿಸಿ,
ಲೈನಿಂಗ್ ಬಟ್ಟೆಯ ತಾನುಗಳ ನಡುವೆ ನಿಲ್ಲಿಸಿದೆ.
ರೂಬಿಯಾ, ಕ್ರೇಪು, ಪಾಪ್ಲಿನ್ನು:
ದನಿ ಹೋಗಿ ತಾಕಿದರೆ ವಾಪಸು ಕಳಿಸದ ಗೋಡೆ.
ಜನ ಸಾವಿರಗಟ್ಟಲೆ ಸುರಿದು ಫೋಮು ಅಂಟಿಸುತ್ತಾರಂತೆ.
ಬೆವರಿ ನೀರಾದಳು. ಮೂರನೇ ಸಲಕ್ಕೆ ಕೂತಿತು.

ಮೊದಲ ವಾರ ಎಲ್ಲವನ್ನೂ ಏರಿಸಿದೆ.
ದನಿ ಕೇಳುತ್ತಿಲ್ಲವೆಂದು ದನಿ,
ಢೋಲಕ್ ಮುಳುಗಿತೆಂದು ಢೋಲಕ್,
ಹಾರ್ಮೋನಿಯಂ ಮುನಿಸಿಕೊಂಡಿತೆಂದು ಅದನ್ನೂ.
ಕೆಂಪು ದೀಪ, ಕೆಂಪು ದೀಪ.
ಹಬ್ಬದ ಹಿಂದಿನ ದಿನ ಅವೆನ್ಯೂ ರಸ್ತೆಯಲ್ಲಿ
ಎಲ್ಲರೂ ಒಟ್ಟಿಗೆ ಹಾರ್ನ್ ಒತ್ತಿದ ಹಾಗೆ.
ನನಗೆ ಮೊದಲೇ ಹೊಳೆಯಬೇಕಿತ್ತು:
ತೋಳು ಸರಿಯಾಗಿ ಕೂರಬೇಕಾದರೆ
ಕಂಕುಳು ಕೊರೆಯಬೇಕು.
ಹಾರ್ಮೋನಿಯಂನ ಹೊಟ್ಟೆಯಲ್ಲಿ ಒಂಚೂರು ಕತ್ತರಿಸಿದೆ.
ಪುಷ್ಪವೇಣಿ ಬಂದು ಆ ಜಾಗದಲ್ಲಿ ಕೂತಳು.

ಕಂಪ್ರೆಸರ್ ಇನ್ನೂ ಅರ್ಥವಾಗಿಲ್ಲ.
ಫ್ರಿಜ್ಜಿನದು ಗೊತ್ತು.

ಒಂದು ರಾತ್ರಿ ಅರ್ಧ ಗಂಟೆ
ಒಂದೇ ತಿರುಪು ತಿರುಗಿಸುತ್ತ ಕೂತೆ.
ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ,
ಆಹಾ, ಈಗ ಕಂಚು, ಈಗ ಜೇನು.
ಕಡೆಗೆ ನೋಡಿದರೆ ಅದು ಆಫ್ ಆಗಿತ್ತು.
ಯಾರಿಗೂ ಹೇಳಿಲ್ಲ.

ಆಮೇಲೆ ಉಸಿರು. ಪರದೆಯ ಮೇಲೆ
ಬಟ್ಟೆಯ ತುದಿಗೆ ನೇತಾಡುವ ದಾರದ ಹಾಗೆ ಕಂಡವು.
ನಲವತ್ತೇಳು. ಎಲ್ಲ ತೆಗೆದೆ,
ಡೆಲಿವರಿಗೆ ಮುಂಚೆ ದಾರ ಕತ್ತರಿಸುವ ಅಭ್ಯಾಸ.
ಮಧ್ಯಾಹ್ನ ಕೇಳಿಸಿದೆ.
ಊಟದ ಡಬ್ಬಿ ಅರ್ಧಕ್ಕೆ ಮುಚ್ಚಿ ಕೇಳಿದಳು.
"ಚೆನ್ನಾಗಿದೆ ಮಾಸ್ಟರ್. ಯಾರು ಸತ್ತಿರೋದು?"

ಒಂದೊಂದಾಗಿ ವಾಪಸು ಹೊಲಿದೆ.
ಎರಡನೇ ಚರಣಕ್ಕೆ ಮುಂಚಿನದು,
ಆಪರೇಷನ್ ಆದಾಗಿನಿಂದ ಎಳೆಯುತ್ತಾಳಲ್ಲ,
ಆ ಉದ್ದದ್ದನ್ನು ಮಾತ್ರ ಕೊಂಚ ತಗ್ಗಿಸಿದ್ದೆ.
ಅದನ್ನೇ ಹಿಡಿದಳು.
"ಪೂರ್ತಿ ಇಡಿ. ದುಡ್ಡು ಕೊಟ್ಟಿದ್ದೀನಿ ಅದಕ್ಕೆ."

ಟೌನ್‌ಹಾಲಿನ ಹತ್ತಿರ ಚೆಲುವರಂಗನ ಆಟೋದಲ್ಲಿ,
ಹಿಂದಿನ ಸೀಟಿನ ಎರಡು ಒಡಕಲು ಸ್ಪೀಕರಿನಲ್ಲಿ ಹಾಕಿಸಿದೆ.
"ಬೇಸು ಸಾಲದು" ಅಂದ.
ಆದರೆ ಸಿಗ್ನಲ್ ಹಸಿರಾದದ್ದು
ಅವನಿಗೆ ಕಾಣಲಿಲ್ಲ.

ಮಾಸ್ಟರಿಂಗ್ ಅಂದರೆ ಇಸ್ತ್ರಿ ಅಂತ ನನ್ನ ಲೆಕ್ಕ.
ತಪ್ಪು ಹೊಲಿಗೆಯನ್ನು ಇಸ್ತ್ರಿ ತಿದ್ದುವುದಿಲ್ಲ,
ಗರಿಗರಿಯಾದ ತಪ್ಪು ಮಾಡುತ್ತದೆ.
ಜೋರು ಮಾಡುವ ಆಸೆ ಇದ್ದೇ ಇದೆ,
ಬೆರಳು ತಾನಾಗಿ ಮೇಲೆ ಜಾರುತ್ತದೆ.
ಹೊಲಿಗೆಯ ಒಳಗೆ ಒಂದಿಂಚು ಬಿಡುತ್ತೇವಲ್ಲ,
ಮದುವೆಯಾದ ಮೇಲೆ, ಹೆರಿಗೆಯಾದ ಮೇಲೆ,
ಮೈ ಬದಲಾದಾಗ ಬಿಚ್ಚಿಕೊಳ್ಳಲಿ ಅಂತ,
ಹಾಡಿನ ಮೇಲೂ ಅಷ್ಟು ಜಾಗ ಬಿಡಬೇಕಂತೆ.
ಇದನ್ನು ಕಲಿಯಲು ಎರಡು ತಿಂಗಳು ಹಿಡಿಯಿತು
ಮೂವತ್ತೊಂದು ವರ್ಷದ ಮಾಸ್ಟರಿಗೆ.

ಫೈಲಿನ ಹೆಸರು ಸದ್ಯಕ್ಕೆ ಫೈನಲ್ ಒಂಬತ್ತು.
ಹಾಡು ಮುಗಿದ ಮೇಲೂ ಕೆಲವು ಸೆಕೆಂಡು ಉಳಿದಿದೆ,
ಅವತ್ತು ನಿಲ್ಲಿಸುವುದು ಮರೆತಿದ್ದೆ.
ಗಲ್ಲಿಯಲ್ಲಿ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಾರೆ,
ಹತ್ತುವುದಿಲ್ಲ.
ಅವಳ ದನಿ, ಹಾಡಿನದಲ್ಲ, ಸುಸ್ತಿನದು:
"ಫ್ಯಾನ್ ಹಾಕ್ತೀರಾ?"

ಕತ್ತರಿ ಕೈಯಲ್ಲೇ ಇದೆ.
ನಾಳೆ ನೋಡೋಣ.